ಒಣ ಮಣ್ಣಿನೊಳಗೆ ಮಲಗಿದವರು



ಏಪ್ರಿಲ್ ತಿಂಗಳಲ್ಲಿ ನಮ್ಮೂರಿನ ಗುಡ್ಡೆಯ ಮಣ್ಣನ್ನು ಕೈಯಲ್ಲಿ ಹಿಡಿದರೆ ಅದು ಬಿಸ್ಕತ್ತಿನ ಹುಡಿಯ ಹಾಗೆ ಬೆರಳ ಸಂದಿಯಿಂದ ಉದುರಿ ಹೋಗುತ್ತದೆ. ಮುಳಿಹುಲ್ಲು ಒಣಗಿರುತ್ತದೆ. ಮುರಕಲ್ಲು ಕಾದು ಬರಿಗಾಲು ಇಡಲಿಕ್ಕೆ ಆಗುವುದಿಲ್ಲ. ಇಂಥ ಮಣ್ಣಿನಲ್ಲಿ ಎಂತ ಜೀವ ಉಂಟು ಅಂತ ಯಾರಿಗೂ ಅನಿಸುತ್ತದೆ. ಆದರೆ ಅದರಲ್ಲಿ ಲೆಕ್ಕವಿಲ್ಲದಷ್ಟು ಜೀವಿಗಳು ಉಂಟು. ಅವು ಸತ್ತಿಲ್ಲ, ಓಡಾಡುವುದೂ ಇಲ್ಲ. ಮಲಗಿವೆ. ಅವುಗಳನ್ನು ಮಲಗಿಸುವುದು ಯಾವುದು, ಎಬ್ಬಿಸುವುದು ಯಾವುದು, ಎದ್ದ ಮೇಲೆ ಅವು ನಮಗೆ ಒಳ್ಳೆಯದು ಮಾಡುತ್ತವೋ ಕೆಟ್ಟದ್ದು ಮಾಡುತ್ತವೋ ಎಂಬುದನ್ನು ಈ ಲೇಖನದಲ್ಲಿ ತಿಳಿಸುತ್ತೇನೆ. ಇದನ್ನು ಓದುವ ಹೆಚ್ಚಿನವರ ಮನೆಯಲ್ಲಿ ಅಡಿಕೆ ತೋಟ ಉಂಟು, ಒಳ್ಳೆಮೆಣಸಿನ ಬಳ್ಳಿ ಉಂಟು. ಹಾಗಾಗಿ ಪರೀಕ್ಷೆಗೆ ಬಾರದಿದ್ದರೂ ತೋಟಕ್ಕೆ ಬೇಕಾದೀತು.

ಮೊದಲು ಜಂತುಹುಳದ ಪರಿಚಯ. ಶಾಲೆಯಲ್ಲಿ ನಮಗೆ ಜಂತುಹುಳದ ಮಾತ್ರೆ ಕೊಡುತ್ತಾರಲ್ಲ, ಎಲ್ಲರ ಎದುರೇ ಜಗಿದು ತಿನ್ನಬೇಕಾದ ಮಾತ್ರೆ, ಅದು ಹೊಟ್ಟೆಯ ಹುಳಕ್ಕೆ. ಆ ಹೊಟ್ಟೆಹುಳದ ಸಂಬಂಧಿಕರೇ ಮಣ್ಣಿನಲ್ಲಿಯೂ ಇದ್ದಾರೆ. ಇಡೀ ಕುಲಕ್ಕೆ ನೆಮಟೋಡ್ ಎಂದು ಹೆಸರು. ಎರೆಹುಳ ಬೇರೆ, ಇದು ಬೇರೆ. ಎರೆಹುಳದ ಮೈಯಲ್ಲಿ ಉಂಗುರ ಉಂಗುರ ಇರುತ್ತದೆ, ದೂರದಿಂದಲೇ ಕಾಣುತ್ತದೆ. ಮಣ್ಣಿನ ಜಂತುಹುಳದ ಮೈ ನುಣುಪು, ಉದ್ದ ಹೆಚ್ಚಾಗಿ ಒಂದು ಮಿಲಿಮೀಟರಿಗಿಂತ ಕಡಿಮೆ, ಬಣ್ಣವೂ ಇಲ್ಲ, ಗಾಜಿನ ನೂಲಿನ ಹಾಗೆ. ಅದಕ್ಕೇ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎಲ್ಲವೂ ಕೆಟ್ಟವಲ್ಲ. ಕೆಲವು ಬ್ಯಾಕ್ಟೀರಿಯ ತಿನ್ನುತ್ತವೆ, ಕೆಲವು ಶಿಲೀಂಧ್ರದ ಎಳೆ ಹೀರುತ್ತವೆ, ಕೆಲವು ತಮ್ಮಂಥ ಬೇರೆ ಹುಳಗಳನ್ನೇ ನುಂಗುತ್ತವೆ. ಗಿಡದ ಬೇರು ತಿನ್ನುವ ಜಾತಿಗಳ ಬಾಯಿಯಲ್ಲಿ ಇಂಜೆಕ್ಷನ್ ಸೂಜಿಯಂಥ ಒಂದು ಮುಳ್ಳು ಇರುತ್ತದೆ. 2019ರಲ್ಲಿ ಬೇರೆ ಬೇರೆ ದೇಶಗಳ ಮಣ್ಣು ನೋಡಿ ಲೆಕ್ಕ ಹಾಕಿದ ವಿಜ್ಞಾನಿಗಳು, ಭೂಮಿಯ ಮೇಲ್ಮಣ್ಣಿನಲ್ಲಿ ಇರುವ ಜಂತುಹುಳಗಳ ಸಂಖ್ಯೆ 4ರ ಮುಂದೆ 20 ಸೊನ್ನೆ ಬರೆದಷ್ಟು, ಅದಕ್ಕೂ ಸ್ವಲ್ಪ ಹೆಚ್ಚು ಎಂದರು. ಇದನ್ನು ಕನ್ನಡದಲ್ಲಿ ಓದುವುದು ಹೇಗೆ ಅಂತ ಗಣಿತದ ಸರ್ ಹತ್ತಿರ ಕೇಳಿದೆ. "40 ಲಕ್ಷ ಕೋಟಿ ಕೋಟಿ ಅಂತ ಓದು" ಎಂದರು. ಬ್ಯಾಕ್ಟೀರಿಯದ ಲೆಕ್ಕ ಇದರಲ್ಲಿ ಸೇರಿಲ್ಲ. ಅವು ಒಂದು ಚಮಚ ತೋಟದ ಮಣ್ಣಿನಲ್ಲೇ ಕೋಟಿಗಟ್ಟಲೆ.

ಈಗ ನೀರಿನ ವಿಷಯ. ಜಂತುಹುಳ ಮಣ್ಣಿನಲ್ಲಿ ಇದ್ದರೂ ಅದು ನಿಜವಾಗಿ ನೀರಿನ ಪ್ರಾಣಿ. ಒಂದು ಗೋಣಿ ಗೋಲಿಗಳನ್ನು ನೀರಲ್ಲಿ ಅದ್ದಿ ಮೇಲೆತ್ತಿದ್ದೀರಿ ಅಂತ ಭಾವಿಸಿ. ನೀರೆಲ್ಲ ಸೋರಿ ಹೋದ ಮೇಲೂ ಪ್ರತಿ ಗೋಲಿಯ ಮೈಗೆ ನೀರಿನ ತೆಳು ಪೊರೆ ಅಂಟಿರುತ್ತದೆ. ಎರಡು ಗೋಲಿ ತಾಗುವ ಸಂದಿನಲ್ಲಿ ಸ್ವಲ್ಪ ಹೆಚ್ಚು ನೀರು ನಿಂತಿರುತ್ತದೆ. ಮಣ್ಣಿನ ಕಣಗಳೂ ಹಾಗೆಯೇ. ಜಂತುಹುಳ ಆ ಪೊರೆಯೊಳಗೆ ಮೈ ಬಳುಕಿಸಿಕೊಂಡು ಹೋಗುತ್ತದೆ. ಪೊರೆ ಅದರ ಮೈಯಷ್ಟು ದಪ್ಪ ಇದ್ದರೆ ಸುಖ. ಪೊರೆ ತೆಳುವಾದರೆ ನೀರೇ ಅದನ್ನು ಕಣಕ್ಕೆ ಒತ್ತಿ ಹಿಡಿಯುತ್ತದೆ. ಒದ್ದೆ ಗಾಜಿನ ಮೇಲೆ ಕೂದಲು ಅಂಟಿಕೊಂಡ ಹಾಗೆ ಅಲ್ಲಾಡಲಿಕ್ಕೆ ಆಗುವುದಿಲ್ಲ. ಹಾಗಂತ ಮಣ್ಣಿನ ಸಂದಿಯೆಲ್ಲ ನೀರೇ ತುಂಬಿದರೂ ಕಷ್ಟ. ಆಗ ಮೈ ಬಳುಕಿಸಿದರೂ ಮುಂದೆ ಹೋಗಲಿಕ್ಕೆ ಆಧಾರ ಸಿಗದು, ಉಸಿರಾಡುವ ಗಾಳಿಯೂ ಕಡಿಮೆ. ಅಂದರೆ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ದೋಸೆ ಹಿಟ್ಟಿಗೆ ನೀರು ಹಾಕಿದ ಹಾಗೆ.

ಬ್ಯಾಕ್ಟೀರಿಯಕ್ಕೂ ಈಜಲಿಕ್ಕೆ ನೀರಿನ ಪೊರೆ ಬೇಕು. ಆದರೆ ಅವು ತೀರ ಚಿಕ್ಕವು, ಜಂತುಹುಳ ನುಗ್ಗಲಾಗದ ಸಣ್ಣ ಸಣ್ಣ ಸಂದಿಗಳಲ್ಲಿ ಉಳಿದ ನೀರಿನಲ್ಲಿ ಅಡಗಿ ಕೂತುಕೊಳ್ಳುತ್ತವೆ. ಶಿಲೀಂಧ್ರದ ಉಪಾಯ ಬೇರೆ. ಅದು ನೂಲು ಎಳೆದ ಹಾಗೆ ಬೆಳೆಯುತ್ತದೆ. ನಡುವೆ ಗಾಳಿ ಇದ್ದರೂ ಒಂದು ಕಣದಿಂದ ಇನ್ನೊಂದಕ್ಕೆ ಸೇತುವೆ ಕಟ್ಟಿದ ಹಾಗೆ ದಾಟುತ್ತದೆ. ಹಾಗಾಗಿ ಮಣ್ಣು ಒಣಗುತ್ತಾ ಬಂದಾಗ ಜಂತುಹುಳ ಮತ್ತು ಬ್ಯಾಕ್ಟೀರಿಯದ ಓಡಾಟ ಮೊದಲು ನಿಲ್ಲುತ್ತದೆ, ಶಿಲೀಂಧ್ರ ಇನ್ನೂ ಸ್ವಲ್ಪ ದಿನ ಕೆಲಸ ಮಾಡುತ್ತಾ ಇರುತ್ತದೆ.

ನಮ್ಮ ಪಾಠದಲ್ಲಿ ಮರುಭೂಮಿ ಅಂದ ಕೂಡಲೇ ರಾಜಸ್ಥಾನದ ಥಾರ್ ಮರುಭೂಮಿಯ ಒಂಟೆಯ ಚಿತ್ರ ಇರುತ್ತದೆ. ಜೈಸಲ್ಮೇರಿನಲ್ಲಿ ಇಡೀ ವರ್ಷಕ್ಕೆ ಸರಾಸರಿ 200 ಮಿಲಿಮೀಟರ್ ಮಳೆಯೂ ಬರುವುದಿಲ್ಲ. ನಮ್ಮ ದಕ್ಷಿಣ ಕನ್ನಡದಲ್ಲಿ 3,500 ಮಿಲಿಮೀಟರಿಗಿಂತ ಹೆಚ್ಚು. ಅಷ್ಟು ಮಳೆ ಬಂದು ಎಂತ ಪ್ರಯೋಜನ? ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು, ಮುರಕಲ್ಲಿನ ಗುಡ್ಡೆಯಿಂದ ಇಳಿದು, ಹೊಳೆ ಸೇರಿ ಸಮುದ್ರಕ್ಕೆ ಹೋಗಿಬಿಡುತ್ತದೆ. ಡಿಸೆಂಬರಿನಿಂದ ಮೇ ತನಕ ಗುಡ್ಡೆಯ ಮೇಲ್ಮಣ್ಣಿಗೆ ಮಳೆ ಅಂದರೆ ಅಪರೂಪ. ಆದ್ದರಿಂದ ಗುಡ್ಡೆಯ ಮೇಲ್ಮಣ್ಣು ವರ್ಷದಲ್ಲಿ ಅರ್ಧ ಕಾಲ ಸಣ್ಣ ಮರುಭೂಮಿಯೇ ಎಂದು ನಾನು ಹೇಳುತ್ತೇನೆ. ಅದರ ಕೆಳಗೇ ಇರುವ ತೋಟದಲ್ಲಿ ಅದೇ ಹೊತ್ತಿಗೆ ಸ್ಪ್ರಿಂಕ್ಲರ್ ತಿರುಗುತ್ತಾ ಇರುತ್ತದೆ. ಒಂದೇ ಊರು, ಒಂದೇ ಬಿಸಿಲು, ನಡುವೆ ಒಂದು ಅಗಳು ಮಾತ್ರ. ಆದರೆ ಮಣ್ಣಿನೊಳಗಿನ ಜೀವಿಗಳಿಗೆ ಇವು ಎರಡು ಬೇರೆ ದೇಶಗಳು.

ಮರುಭೂಮಿಯ ಜಂತುಹುಳ ಒಣ ಕಾಲವನ್ನು ಕಳೆಯುವ ರೀತಿ ಕೇಳಿದರೆ ಅಜ್ಜಿಕತೆಯ ಹಾಗೆ ಕಾಣುತ್ತದೆ. ಮಣ್ಣು ಒಣಗುತ್ತಾ ಬಂದ ಹಾಗೆ ಅದು ಚಕ್ಕುಲಿಯಂತೆ ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡರೆ ಮೈಯ ಹೊರಭಾಗ ಕಡಿಮೆ ಆಗಿ ನೀರು ನಿಧಾನ ಆರುತ್ತದೆ. ಈ ಹೊತ್ತಿನಲ್ಲಿ ಅದು ತನ್ನ ಮೈಯೊಳಗೆ ಟ್ರೆಹಲೋಸ್ ಎಂಬ ಒಂದು ಜಾತಿಯ ಸಕ್ಕರೆ ತಯಾರಿಸುತ್ತದೆ. ನೀರು ಹೋದ ಜಾಗದಲ್ಲಿ ಈ ಸಕ್ಕರೆ ಕೂತು ಒಳಗಿನ ಭಾಗಗಳು ಒಂದಕ್ಕೊಂದು ಅಂಟಿ ಮುರಿದುಹೋಗದ ಹಾಗೆ ಕಾಯುತ್ತದೆ. ಕೊನೆಗೆ ಮೈಯ ನೀರು ಹೆಚ್ಚುಕಡಿಮೆ ಎಲ್ಲವೂ ಹೋಗಿರುತ್ತದೆ. ಉಸಿರಾಟ ಗೊತ್ತಾಗುವುದಿಲ್ಲ, ತಿನ್ನುವುದಿಲ್ಲ, ಬೆಳೆಯುವುದಿಲ್ಲ, ವಯಸ್ಸೂ ಆಗುವುದಿಲ್ಲ. ವಿಜ್ಞಾನದಲ್ಲಿ ಇದಕ್ಕೆ ಅನ್‌ಹೈಡ್ರೋಬಯೋಸಿಸ್ ಎನ್ನುತ್ತಾರೆ, ಅಂದರೆ ನೀರಿಲ್ಲದ ಬದುಕು. ಹೆಸರು ಉದ್ದ ಆದ್ದರಿಂದ ನಾನು ಒಣನಿದ್ದೆ ಎಂದು ಬರೆಯುತ್ತೇನೆ.

ಇದನ್ನು ಜನ ಕಂಡುಹಿಡಿದು ಬಹಳ ಕಾಲ ಆಯಿತು. 1702ರಲ್ಲಿ ಹಾಲೆಂಡಿನ ಲೀವೆನ್‌ಹುಕ್ ಮಾಡಿನ ದಂಬೆಯಲ್ಲಿ ಒಣಗಿದ್ದ ಧೂಳಿಗೆ ನೀರು ಹಾಕಿ ತನ್ನ ಮಸೂರದಲ್ಲಿ ನೋಡಿದಾಗ ಅದರಲ್ಲಿ ಸಣ್ಣ ಪ್ರಾಣಿಗಳು ಈಜಾಡಲು ಸುರುಮಾಡಿದವು. ಅವು ಜಂತುಹುಳ ಅಲ್ಲ, ರೋಟಿಫರ್ ಎಂಬ ಬೇರೆ ಜೀವಿ. 1743ರಲ್ಲಿ ಇಂಗ್ಲೆಂಡಿನ ನೀಡಮ್ ಎಂಬವರು ರೋಗ ಬಂದ ಗೋಧಿಯ ಕಪ್ಪು ಕಾಳು ಒಡೆದು ನೋಡಿದರು. ಒಳಗೆ ಹತ್ತಿಯ ಎಳೆಯಂಥ ಒಣ ವಸ್ತು. ನೀರು ಬಿದ್ದ ಮೇಲೆ ಆ ಎಳೆಗಳು ಹೊರಳಾಡಲು ತೊಡಗಿದವು! ಅವು ಗೋಧಿಯ ಜಂತುಹುಳಗಳು. ಅಂಥ ಕಾಳುಗಳನ್ನು 28 ವರ್ಷ ಒಣಗಿಸಿಟ್ಟ ಮೇಲೂ ಒಳಗಿನ ಹುಳ ಎದ್ದದ್ದುಂಟು. ಇನ್ನೂ ದೊಡ್ಡ ಸುದ್ದಿ ಸೈಬೀರಿಯದ್ದು. ಅಲ್ಲಿ ಹೆಪ್ಪುಗಟ್ಟಿದ ನೆಲದ ಆಳದಿಂದ ತೆಗೆದ ಮಣ್ಣಿನಲ್ಲಿ ಜಂತುಹುಳಗಳು ಎಚ್ಚರಗೊಂಡದ್ದನ್ನು 2018ರಲ್ಲಿ ಪ್ರಕಟಿಸಿದರು. ಆ ಮಣ್ಣು ಸುಮಾರು 46,000 ವರ್ಷ ಹಿಂದಿನದು ಎಂದು 2023ರಲ್ಲಿ ಹೇಳಿದರು. ಅದು ಚಳಿಯ ನಿದ್ದೆ, ನಮ್ಮದು ಬಿಸಿಲಿನದ್ದು. ಆದರೆ ಮೈ ಕಾಯುವ ಸಕ್ಕರೆ ಎರಡಕ್ಕೂ ಅದೇ. ಟೀಚರ್ ಇದನ್ನು ತರಗತಿಯಲ್ಲಿ ಹೇಳಿದಾಗ ನನ್ನ ಹಿಂದಿನ ಬೆಂಚಿನವನು "ಕುಂಭಕರ್ಣ ಆರು ತಿಂಗಳಿಗೇ ಏಳ್ತಾನೆ, ಇವು ಅವನ ಅಜ್ಜ" ಎಂದ.

ಒಣನಿದ್ದೆಗೆ ಒಂದು ನಿಬಂಧನೆ ಉಂಟು, ಇದೇ ಮುಖ್ಯ ವಿಷಯ. ಮಣ್ಣು ನಿಧಾನ ಒಣಗಬೇಕು. ಸಕ್ಕರೆ ತಯಾರಿಸಲಿಕ್ಕೆ, ಸುತ್ತಿಕೊಳ್ಳಲಿಕ್ಕೆ ಸಮಯ ಬೇಕು. ಥಟ್ಟನೆ ಒಣಗಿಸಿದರೆ ಹುಳ ಸಿದ್ಧತೆ ಇಲ್ಲದೆ ಸಾಯುತ್ತದೆ. ನೀರು ಎಷ್ಟು ಹೋಯಿತು ಎಂಬುದಕ್ಕಿಂತ ಎಷ್ಟು ಬೇಗ ಹೋಯಿತು ಎಂಬುದು ದೊಡ್ಡದು.

ನಾವು ಏಳನೆಯ ತರಗತಿಯವರು ಜನವರಿ ಕೊನೆಯ ವಾರ ಇದನ್ನು ಮಾಡಿಯೇ ನೋಡಿದೆವು. ಖರ್ಚು ಇಲ್ಲ. ದೊಡ್ಡ ಪ್ಲಾಸ್ಟಿಕ್ ಬಾಟ್ಲಿಯನ್ನು ಅಡ್ಡ ಕತ್ತರಿಸಿ, ಮೇಲಿನ ಭಾಗವನ್ನು ಮುಚ್ಚಳ ಸಮೇತ ತಲೆಕೆಳಗು ಮಾಡಿದರೆ ಆಲಿಕೆ ಆಯಿತು. ಬಾಟ್ಲಿಯ ಕೆಳಗಿನ ಭಾಗವೇ ಅದಕ್ಕೆ ಸ್ಟ್ಯಾಂಡ್. ಆಲಿಕೆಯ ಬಾಯಿಗೆ ಚಾ ಸೋಸುವ ಜಾಲರಿ ಇಟ್ಟು, ಹಳೆ ಪಂಚೆಯ ತೆಳು ಬಟ್ಟೆ ಹಾಸಿ, ಅದರ ಮೇಲೆ ಎರಡು ಚಮಚ ಮಣ್ಣು. ಮಣ್ಣಿನ ಅಡಿ ತಾಗುವಷ್ಟು ನೀರು ತುಂಬಿಸಬೇಕು. ಎಚ್ಚರ ಇರುವ ಹುಳ ಬಟ್ಟೆಯ ಸಂದಿಯಿಂದ ನುಸುಳಿ ನೀರಿಗೆ ಬರುತ್ತದೆ. ಬಂದ ಮೇಲೆ ಮೇಲಕ್ಕೆ ಈಜುವ ಶಕ್ತಿ ಅದಕ್ಕಿಲ್ಲ, ಮೆಲ್ಲ ಮುಳುಗಿ ಮುಚ್ಚಳದ ಹತ್ತಿರ ಸೇರುತ್ತದೆ. ಮುಚ್ಚಳವನ್ನು ಸ್ವಲ್ಪ ಸಡಿಲಿಸಿ ಹತ್ತು ತೊಟ್ಟು ಹಿಡಿದು ಸೂಕ್ಷ್ಮದರ್ಶಕದ ಚಿಕ್ಕ ಮಸೂರದಲ್ಲಿ ನೋಡಿದರೆ ಆಯಿತು. ಈ ಉಪಾಯವನ್ನು 1917ರಲ್ಲಿ ಬೇರ್ಮನ್ ಎಂಬ ವೈದ್ಯರು ಜಾವಾ ದ್ವೀಪದಲ್ಲಿದ್ದಾಗ ಹೇಳಿಕೊಟ್ಟದ್ದು. ಈಗಲೂ ದೊಡ್ಡ ದೊಡ್ಡ ಪ್ರಯೋಗಶಾಲೆಗಳಲ್ಲಿ ಇದೇ ಆಲಿಕೆ ಉಂಟಂತೆ, ಚಾ ಜಾಲರಿ ಮಾತ್ರ ಇರಲಿಕ್ಕಿಲ್ಲ.

ಒಂದು ಆಲಿಕೆಗೆ ಸ್ಪ್ರಿಂಕ್ಲರ್ ನೀರು ಬೀಳುವ ತೋಟದ ಮಣ್ಣು, ಒಂದಕ್ಕೆ ಗುಡ್ಡೆಯ ಬಯಲಿನ ಮಣ್ಣು, ಒಂದಕ್ಕೆ ಗುಡ್ಡೆಯಲ್ಲೇ ಗೇರುಮರದ ಬುಡದ ಮಣ್ಣು ಹಾಕಿದೆವು. ಬೆಳಿಗ್ಗೆ ಇಟ್ಟದ್ದನ್ನು ಸಂಜೆ ನಾಲ್ಕಕ್ಕೆ ನೋಡಿದರೆ ತೋಟದ ತೊಟ್ಟಿನಲ್ಲಿ ಹುಳಗಳು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಳುಕುತ್ತಾ ಇದ್ದವು. ಎಲ್ಲರೂ ನಾನು ನಾನು ಅಂತ ನೂಕಿ ಸೂಕ್ಷ್ಮದರ್ಶಕ ಬೀಳುವುದರಲ್ಲಿತ್ತು. ಗುಡ್ಡೆಯ ಎರಡು ಆಲಿಕೆಯಲ್ಲೂ ಏನೂ ಇರಲಿಲ್ಲ. ಮಾರನೆ ದಿನ ಪ್ರಾರ್ಥನೆಗೆ ಮೊದಲೇ ಹೋಗಿ ನೋಡಿದೆವು. ಗೇರುಮರದ ಮಣ್ಣಿನಿಂದ ಕೆಲವು ಹುಳ ಇಳಿದಿದ್ದವು, ತುಂಬಾ ನಿಧಾನ, ಒಂದು ಬದಿ ಮಾತ್ರ ಅಲ್ಲಾಡಿಸುತ್ತಿದ್ದವು. ಮಧ್ಯಾಹ್ನ ಊಟದ ಬೆಲ್ ಆಗುವಾಗ ಅವೂ ಚುರುಕಾಗಿದ್ದವು. ಬಯಲಿನ ಮಣ್ಣಿನಿಂದ ಎರಡೇ ಸಿಕ್ಕಿದವು. ಎಂಟು ವಾರ ನೀರೇ ಕಾಣದ ಮಣ್ಣು ಅದು! ಗೇರುಮರದ ಬುಡದಲ್ಲಿ ಹೆಚ್ಚು ಯಾಕೆ ಎಂದರೆ ಅಲ್ಲಿ ತರಗೆಲೆ ಉಂಟು, ಕೊಳೆತ ಎಲೆಯಲ್ಲಿ ಬ್ಯಾಕ್ಟೀರಿಯ ಉಂಟು, ನೆರಳಿರುವುದರಿಂದ ಮಣ್ಣು ಮೆಲ್ಲ ಒಣಗುತ್ತದೆ. ನಿಜವಾದ ಮರುಭೂಮಿಗಳಲ್ಲೂ ಪೊದೆಯ ಅಡಿಯ ಮಣ್ಣಿನಲ್ಲಿ ಜೀವಿಗಳು ಹೆಚ್ಚು, ಪೊದೆ ಪೊದೆಯ ನಡುವಿನ ಬಯಲಿನಲ್ಲಿ ಕಡಿಮೆ.

ಅನಂತರ ತೋಟದ ಮಣ್ಣನ್ನೇ ಎರಡು ಪಾಲು ಮಾಡಿದೆವು. ಒಂದನ್ನು ಪೇಪರಿನ ಮೇಲೆ ತೆಳ್ಳಗೆ ಹರಡಿ ತರಗತಿಯ ಫ್ಯಾನಿನ ಕೆಳಗೆ ಒಂದೇ ದಿನದಲ್ಲಿ ಒಣಗಿಸಿದೆವು. ಬಿಸಿಲಿಗೆ ಇಡಲಿಲ್ಲ, ಯಾಕೆಂದರೆ ಆಗ ಸತ್ತದ್ದು ಬಿಸಿಗೋ ಒಣಗಿದ್ದಕ್ಕೋ ಗೊತ್ತಾಗುವುದಿಲ್ಲ. ಇನ್ನೊಂದನ್ನು ಮಣ್ಣಿನ ಕುಡಿಕೆಯಲ್ಲಿ ತುಂಬಿ ನೆರಳಿನಲ್ಲಿ ಎರಡು ವಾರ ಬಿಟ್ಟೆವು. ಎರಡನ್ನೂ ಆಲಿಕೆಗೆ ಹಾಕಿ ಎರಡು ದಿನ ಕಾದರೆ ಫ್ಯಾನಿನ ಮಣ್ಣಿನಿಂದ ಒಂದೂ ಇಳಿಯಲಿಲ್ಲ. ಕುಡಿಕೆಯ ಮಣ್ಣಿನಿಂದ ಇಳಿದವು, ಒದ್ದೆ ಮಣ್ಣಿನಷ್ಟು ಅಲ್ಲ. ಅವು ಮಲಗಿದ ಚಕ್ಕುಲಿ ರೂಪದಲ್ಲಿ ನೋಡಬೇಕೆಂದು ನಮಗೆ ಆಸೆ ಇತ್ತು. ಆದರೆ ನೀರು ತಾಗಿದರೆ ಬಿಚ್ಚಿಕೊಳ್ಳುತ್ತವಲ್ಲ. ಅದಕ್ಕೆ ಅಮೆರಿಕದ ಮರುಭೂಮಿಗಳಲ್ಲಿ ಕೆಲಸ ಮಾಡಿದ ವಿಜ್ಞಾನಿಗಳು ಒಣಮಣ್ಣನ್ನು ಗಟ್ಟಿ ಸಕ್ಕರೆ ಪಾಕದಲ್ಲಿ ತೊಳೆದರು. ಪಾಕದಿಂದ ಹುಳಕ್ಕೆ ನೀರು ಸಿಗುವುದಿಲ್ಲ, ಸುತ್ತಿಕೊಂಡೇ ಇರುತ್ತದೆ. ನಮ್ಮ ಬಿಸಿಯೂಟದ ಅಕ್ಕನವರ ಹತ್ತಿರ ಅಷ್ಟು ಸಕ್ಕರೆ ಕೇಳಲು ಯಾರಿಗೂ ಧೈರ್ಯ ಬರಲಿಲ್ಲ.

ಮೊದಲ ಮಳೆ ಬಿದ್ದಾಗ ಏಳುವುದು ಜಂತುಹುಳ ಮಾತ್ರ ಅಲ್ಲ. ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಗುಡುಗಿ ನಾಲ್ಕು ಹನಿ ಬಿದ್ದರೆ ಮಣ್ಣಿನ ಪರಿಮಳ ಬರುತ್ತದಲ್ಲ, ಅದರಲ್ಲಿ ದೊಡ್ಡ ಪಾಲು ಜಿಯೋಸ್ಮಿನ್ ಎಂಬ ವಸ್ತುವಿನದ್ದು. ಅದನ್ನು ಮಾಡುವುದು ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯ. ಕ್ಷಯರೋಗದ ಮದ್ದು ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದೂ ಇದೇ ಕುಲದಿಂದ, 1943ರಲ್ಲಿ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಮಣ್ಣಿನ ಈ ಪರಿಮಳವನ್ನು ಭಟ್ಟಿ ಇಳಿಸಿ ಅತ್ತರು ಮಾಡುತ್ತಾರೆ. ನಮ್ಮ ಕಡೆ ಯಾರೂ ಮಾಡುವುದಿಲ್ಲ, ಮಾಡಿದರೆ ಮಾಣಿಯ ಜಂಕ್ಷನ್‌ನಲ್ಲಿ ಬಸ್ಸು ಕಾಯುವವರಿಗೆ ಮಾರಬಹುದಿತ್ತು.

ಪರಿಮಳದ ಜೊತೆಗೆ ಇನ್ನೊಂದು ನಡೆಯುತ್ತದೆ, ಅದು ಮೂಗಿಗೆ ಗೊತ್ತಾಗುವುದಿಲ್ಲ. ಪೂರ್ವ ಆಫ್ರಿಕದಲ್ಲಿ ಕೆಲಸ ಮಾಡಿದ ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಇದನ್ನು ಬರೆದರು. ಒಣಗಿದ ಮಣ್ಣಿಗೆ ನೀರು ಬಿದ್ದ ಕೂಡಲೇ ಅದರಿಂದ ಕಾರ್ಬನ್ ಡೈಆಕ್ಸೈಡ್ ಒಮ್ಮೆಲೇ ಹೊರಬರುತ್ತದೆ, ಕೆಲವೇ ದಿನಗಳಲ್ಲಿ ಕಡಿಮೆಯಾಗುತ್ತದೆ. ಮಣ್ಣು ದೊಡ್ಡ ನಿಟ್ಟುಸಿರು ಬಿಟ್ಟ ಹಾಗೆ. ಕಾರಣ ಹೀಗೆ: ಬೇಸಿಗೆಯಲ್ಲಿ ಸತ್ತ ಸೂಕ್ಷ್ಮಜೀವಿಗಳು, ಒಣಗಿದ ಎಲೆಯ ಚೂರು ಎಲ್ಲ ಮಣ್ಣಿನಲ್ಲಿ ಕೂಡಿರುತ್ತವೆ. ಬದುಕಿರುವ ಬ್ಯಾಕ್ಟೀರಿಯದ ಒಳಗೂ ನೀರು ಒಮ್ಮೆಲೇ ನುಗ್ಗಿ ಕೆಲವು ಒಡೆದೇ ಹೋಗುತ್ತವೆ. ಉಳಿದವುಗಳಿಗೆ ಅದು ಔತಣ. ಅವು ಬೇಗ ಬೇಗ ಹೆಚ್ಚುತ್ತವೆ. ಆಮೇಲೆ ಎದ್ದ ಜಂತುಹುಳಗಳು ಆ ಬ್ಯಾಕ್ಟೀರಿಯವನ್ನು ತಿಂದು, ತಮಗೆ ಹೆಚ್ಚಾದ ಸಾರಜನಕವನ್ನು ಹೊರಗೆ ಬಿಡುತ್ತವೆ. ಅದು ಗಿಡಕ್ಕೆ ಗೊಬ್ಬರ. ಗುಡ್ಡೆಗೆ ಯಾರೂ ಹಟ್ಟಿಗೊಬ್ಬರ ಹಾಕದಿದ್ದರೂ ಎರಡು ಮಳೆಗೆ ಹಸುರು ಹಾಸಿದ ಹಾಗೆ ಹುಲ್ಲು ಬರುವುದರಲ್ಲಿ ಇವರ ಪಾಲೂ ಉಂಟು. ನೀರು ಎಬ್ಬಿಸುತ್ತದೆ, ಆದರೆ ಹೊಟ್ಟೆ ತುಂಬಿಸುವುದಿಲ್ಲ. ತಿನ್ನಲಿಕ್ಕೆ ಇದ್ದರೆ ಮಾತ್ರ ಎದ್ದವರು ಹೆಚ್ಚುತ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಾದೆಯ ಮೇಲೆ, ಮುರಕಲ್ಲಿನ ಪಾಗಾರದ ಮೇಲೆ ಕಪ್ಪು ಬಣ್ಣದ ಪದರ ನೋಡಿದ್ದೀರಲ್ಲ? ಅದೂ ಜೀವವೇ, ಹೆಚ್ಚಿನದು ನೀಲಿಹಸಿರು ಪಾಚಿ. ಒಣಗಿದಾಗ ಮಸಿಯ ಹಾಗೆ ಇದ್ದದ್ದು ಮಳೆ ಬಿದ್ದ ಮೇಲೆ ಹಸುರು ತಿರುಗಿ ಜಾರುತ್ತದೆ. ಬಿದ್ದವರಿಗೆ ಗೊತ್ತು.

ಇನ್ನು ಒಳ್ಳೆಮೆಣಸಿನ ಸಂಗತಿ. ನಾನು ಈ ವಿಷಯ ಆರಿಸಿಕೊಂಡದ್ದೇ ಇದಕ್ಕಾಗಿ. ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿಗಳಲ್ಲಿ ಒಂದು ಸಾಲು ಮೂರು ವರ್ಷದಿಂದ ದೀಪಾವಳಿ ಹೊತ್ತಿಗೆ ಹಳದಿ ಆಗುತ್ತದೆ. ಜನವರಿಗೆ ಎಲೆ ಉದುರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಪುನಃ ಚಿಗುರುತ್ತದೆ. ಆದರೆ ಪ್ರತಿ ವರ್ಷ ಬಳ್ಳಿ ಇನ್ನಷ್ಟು ಸಪುರ, ಕರೆ ಇನ್ನಷ್ಟು ಕಡಿಮೆ. ಮೊದಲು ನನ್ನ ಅಕ್ಕನ ಕಾಲೇಜಿನ ಫೀಸು ಆ ಸಾಲಿನ ಮೆಣಸಿನಿಂದಲೇ ಹೋಗುತ್ತಿತ್ತು. ಈಗ ಮನೆ ಖರ್ಚಿಗೂ ಅರೆವಾಸಿ. ಅಜ್ಜ ಹೇಳುವುದು, "ನೀರು ಸಾಲದು. ಮಳೆ ಬಂದ್ರೆ ಹಸಿರಾಗ್ತದೆ, ಮಳೆ ನಿಂತ್ರೆ ಹಳದಿ ಆಗ್ತದೆ, ಇದಕ್ಕಿಂತ ಎಂತ ಸಾಕ್ಷಿ ಬೇಕು?" ಅಪ್ಪ ಹೇಳುವುದು, ಪಕ್ಕದ ಸಾಲಿಗೂ ಅದೇ ಪಂಪಿನ ಅದೇ ನೀರು, ಅದು ಯಾಕೆ ಹಳದಿ ಆಗುವುದಿಲ್ಲ?

ಇದರ ಹೆಸರು ನಿಧಾನ ಸೊರಗು ರೋಗ. ಕಾಳುಮೆಣಸಿನ ಬೇರನ್ನು ಕೊರೆಯುವ ಜಂತುಹುಳ, ಬೇರುಗಂಟಿನ ಜಂತುಹುಳ, ಜೊತೆಗೆ ಫೈಟಾಫ್ತೊರಾ ಎಂಬ ಕೊಳೆಸುವ ಸೂಕ್ಷ್ಮಜೀವಿ ಎಲ್ಲ ಸೇರಿ ತರುವ ರೋಗ. ಕೊರೆಯುವ ಹುಳದ ವೈಜ್ಞಾನಿಕ ಹೆಸರು ರಾಡೋಫೋಲಸ್ ಸಿಮಿಲಿಸ್. 1893ರಲ್ಲಿ ಕಾಬ್ ಎಂಬವರು ಫಿಜಿ ದ್ವೀಪದ ಬಾಳೆಬೇರಿನಲ್ಲಿ ಅದನ್ನು ಕಂಡು ವರ್ಣಿಸಿದರು. ನಮ್ಮ ದೇಶದಲ್ಲಿ 1966ರಲ್ಲಿ ಕೇರಳದ ಬಾಳೆಯಲ್ಲಿ ಮೊದಲು ಗುರುತಿಸಿದರು. ಬಾಳೆ, ಒಳ್ಳೆಮೆಣಸು, ಅಡಿಕೆ, ತೆಂಗು, ಶುಂಠಿ, ಅರಸಿನ ಎಲ್ಲವೂ ಅದಕ್ಕೆ ಆಹಾರ. ನಮ್ಮ ತೋಟದಲ್ಲಿ ಇರುವುದೂ ಇಷ್ಟೇ ತಾನೆ! ಮೊಟ್ಟೆಯಿಂದ ಮೊಟ್ಟೆಗೆ ಮೂರು ನಾಲ್ಕು ವಾರ ಸಾಕು. ಒಂದು ವಿಚಿತ್ರ, ಬೇರು ತಿನ್ನುವುದು ಹೆಣ್ಣು ಮತ್ತು ಮರಿಗಳು ಮಾತ್ರ. ಗಂಡು ಹುಳದ ಸೂಜಿ ಕೆಲಸಕ್ಕೆ ಬಾರದ್ದು.

ಈಗ ಅಜ್ಜ ಹೇಳಿದ್ದನ್ನೂ ಅಪ್ಪ ಹೇಳಿದ್ದನ್ನೂ ಸೇರಿಸಿ ನೋಡಿ. ಮಳೆಗಾಲದಲ್ಲಿ ಮಣ್ಣು ಒದ್ದೆ, ಹೊಸ ಬೇರು ಮೆತ್ತಗೆ, ಹುಳ ಒಳಗೆ ಹೊಕ್ಕು ಹೆಚ್ಚುತ್ತದೆ. ಆದರೆ ಮಣ್ಣಿನಲ್ಲಿ ನೀರು ಧಾರಾಳ ಇರುವುದರಿಂದ ಉಳಿದ ನಾಲ್ಕು ಬೇರೇ ಬಳ್ಳಿಗೆ ಸಾಕಾಗುತ್ತದೆ, ಹಸುರಾಗಿ ಕಾಣುತ್ತದೆ. ಮಳೆ ನಿಂತು ಮಣ್ಣಿನ ಪಸೆ ಇಳಿದಾಗ ಹಾಳಾದ ಬೇರಿನಿಂದ ನೀರು ಎಳೆಯಲಿಕ್ಕೆ ಆಗುವುದಿಲ್ಲ. ಆಗ ಹಳದಿ. ಬಳ್ಳಿಗೆ ನೀರು ಸಾಲದು ಎಂದು ಅಜ್ಜ ಹೇಳಿದ್ದು ಸರಿಯೇ, ಆದರೆ ಬರ ಇರುವುದು ಬಳ್ಳಿಯೊಳಗೆ, ಮಣ್ಣಿನಲ್ಲಿ ಅಲ್ಲ. ಅಪ್ಪ ಒಂದು ಬಳ್ಳಿಯ ಬುಡ ಬಿಡಿಸಿ ತೋರಿಸಿದರು. ಒಳ್ಳೆ ಬಳ್ಳಿಯಲ್ಲಿ ಬೇರು ಗಡ್ಡದ ಹಾಗೆ ಇರುತ್ತದೆ. ಇದರಲ್ಲಿ ಕಂದು ಬಣ್ಣದ ಮೋಟು ಮೋಟು ಬೇರು, ಹಿಡಿದರೆ ಸಿಪ್ಪೆ ಕೈಗೆ ಬಂತು. ಅಜ್ಜ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದರು, ಏನೂ ಹೇಳಲಿಲ್ಲ. ಆ ಬಳ್ಳಿ ಅವರೇ ನೆಟ್ಟದ್ದು.

ಈ ಹುಳ ಗೋಧಿಯ ಹುಳದ ಹಾಗೆ ವರ್ಷಗಟ್ಟಲೆ ಒಣನಿದ್ದೆ ಮಾಡುವ ಜಾತಿ ಅಲ್ಲ. ಜೀವಂತ ಬೇರು ಇಲ್ಲದ ಮಣ್ಣಿನಲ್ಲಿ ಅದಕ್ಕೆ ಹೆಚ್ಚು ತಿಂಗಳು ಬಾಳಲಿಕ್ಕೆ ಆಗುವುದಿಲ್ಲ. ಕಡು ಬೇಸಿಗೆಯಲ್ಲಿ ಅದರ ಸಂಖ್ಯೆ ಕಡಿಮೆ, ಮಳೆಗಾಲ ಮುಗಿಯುವ ಹೊತ್ತಿಗೆ ಹೆಚ್ಚು. ಹಾಗಿದ್ದರೆ ಬೇಸಿಗೆ ಪೂರ್ತಿ ನೀರು ಬಿಡುವ ತೋಟದಲ್ಲಿ ಅದಕ್ಕೆ ಕಷ್ಟಕಾಲವೇ ಇಲ್ಲ ಎಂದಾಯಿತು. ಒದ್ದೆಯೂ ಉಂಟು, ಬೇರೂ ಉಂಟು. ಹಾಗಂತ ನೀರು ನಿಲ್ಲಿಸಿದರೆ ಅಡಿಕೆ ಒಣಗುತ್ತದೆ. ಮಧ್ಯ ಅಮೆರಿಕದ ಬಾಳೆ ತೋಟಗಳಲ್ಲಿ ಇದಕ್ಕೆ ತದ್ವಿರುದ್ಧ ಉಪಾಯ ಮಾಡಿದ್ದರು, ಬಾಳೆ ಕಿತ್ತು ಇಡೀ ಗದ್ದೆಗೆ ತಿಂಗಳುಗಟ್ಟಲೆ ನೀರು ಕಟ್ಟಿ ಗಾಳಿಯಿಲ್ಲದೆ ಹುಳವನ್ನು ಸಾಯಿಸುವುದು. ಅಡಿಕೆ ತೋಟದಲ್ಲಿ ಅದೂ ಆಗದ ಮಾತು. (ನಮ್ಮ ಬೈಲಿನ ಭತ್ತದ ಗದ್ದೆಯಲ್ಲಿ ನೀರು ನಿಂತರೂ ಆರಾಮಾಗಿ ಬದುಕುವ ಬತ್ತದ ಬೇರಿನ ಹುಳ ಬೇರೆಯೇ ಉಂಟು. ಎಲ್ಲ ಹುಳಕ್ಕೂ ಒಂದೇ ಲೆಕ್ಕ ನಡೆಯುವುದಿಲ್ಲ.)

ಆದರೆ ಹೊಸ ಗಿಡ ಮಾಡುವಾಗ ಒಂದು ದಾರಿ ಉಂಟು. ಕಲ್ಲಿಕೋಟೆಯ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಮೆಣಸಿನ ನರ್ಸರಿಗೆ ಹೇಳುವ ಕ್ರಮ ಇದು. ತೊಟ್ಟೆಗೆ ತುಂಬಿಸುವ ಮಣ್ಣನ್ನು ಬಿಸಿಲಿಗೆ ಹಾಸಿ ಪ್ಲಾಸ್ಟಿಕ್ ಹೊದಿಸಿ ವಾರಗಟ್ಟಲೆ ಬೇಯಿಸುವುದು. 1976ರಲ್ಲಿ ಇಸ್ರೇಲಿನ ಕಟಾನ್ ಮತ್ತು ಜೊತೆಯವರು ಇದನ್ನು ಪ್ರಕಟಿಸಿದ್ದರು. ಪ್ಲಾಸ್ಟಿಕ್ ಕಪ್ಪು ಅಲ್ಲ, ಬೆಳಕು ದಾಟುವ ಬಿಳಿಯದ್ದು. ಅಂಚಿಗೆ ಮಣ್ಣು ಒತ್ತಿ ಗಾಳಿ ಹೋಗದ ಹಾಗೆ ಮುಚ್ಚಬೇಕು. ಮುಖ್ಯ ಸಂಗತಿ, ಮುಚ್ಚುವ ಮೊದಲು ಮಣ್ಣಿಗೆ ನೀರು ಹಾಕಬೇಕು. ಇದನ್ನು ಕೇಳಿ ಅಜ್ಜ ನಕ್ಕರು, "ಹುಳ ಸಾಯಿಸ್ಲಿಕ್ಕೆ ನೀರು ಕೊಡುವುದಾ?" ಎಂದು. ಹೌದು, ನೀರು ಕೊಡುವುದು ಎಬ್ಬಿಸಲಿಕ್ಕೆ. ಒಣಗಿ ಮಲಗಿದ ಜೀವಿ ಬಿಸಿಯನ್ನು ತಡೆದುಕೊಳ್ಳುತ್ತದೆ, ಎಚ್ಚರ ಇರುವುದು ತಡೆಯುವುದಿಲ್ಲ. ಒದ್ದೆ ಮಣ್ಣಿನಲ್ಲಿ ಬಿಸಿ ಕೆಳಗೂ ಇಳಿಯುತ್ತದೆ. ಬೇಯದೆ ಉಳಿದ ಹುಳಕ್ಕೂ ಅಲ್ಲಿ ತಿನ್ನಲಿಕ್ಕೆ ಬೇರಿಲ್ಲ, ನಾನು ಮೊದಲು ನೆನಪಿಟ್ಟುಕೊಳ್ಳಿ ಅಂದದ್ದು ಇದಕ್ಕೇ.

ಬೆಂದ ಮಣ್ಣಿನಲ್ಲಿ ಒಳ್ಳೆಯ ಜೀವಿಗಳೂ ಕಡಿಮೆ ಆಗಿರುತ್ತವೆ. ಆದ್ದರಿಂದ ಆಮೇಲೆ ಬೇವಿನ ಹಿಂಡಿಯ ಜೊತೆ ಟ್ರೈಕೋಡರ್ಮಾ ಸೇರಿಸುತ್ತಾರೆ. ಅದು ಕೊಳೆಸುವ ಫೈಟಾಫ್ತೊರಾವನ್ನು ತಡೆಯುವ ಶಿಲೀಂಧ್ರ. ಹುಳದ ಮೊಟ್ಟೆಯನ್ನು ತಿನ್ನುವ ಪೊಕೋನಿಯ ಎಂಬ ಇನ್ನೊಂದು ಶಿಲೀಂಧ್ರವೂ ಉಂಟು. ಇವುಗಳನ್ನು ಒಣ ಮಣ್ಣಿಗೆ ಎರಚಿದರೆ ದುಡ್ಡು ದಂಡ, ಇವಕ್ಕೂ ಪಸೆ ಬೇಕು. ಮತ್ತೆ ಬಳ್ಳಿಯ ತುಂಡನ್ನು ರೋಗದ ಸಾಲಿನಿಂದ ತೆಗೆಯಬಾರದು, ಬಾಳೆಕಂದನ್ನು ಬೇರು ಕೆತ್ತದೆ ತರಬಾರದು. ಹುಳ ಮಣ್ಣಿನಲ್ಲಿ ತಾನಾಗಿ ಹೋಗುವುದು ಬಹಳ ಕಡಿಮೆ ದೂರ. ದೂರ ಹೋಗುವುದೆಲ್ಲ ನಮ್ಮ ಕೈಯಲ್ಲೇ. ಹೆಚ್ಚಿನ ವಿವರ ಬೇಕಾದವರಿಗೆ ನಮ್ಮ ಹತ್ತಿರದ ವಿಟ್ಲದಲ್ಲೇ 1956ರಿಂದ ಅಡಿಕೆ ಸಂಶೋಧನಾ ಕೇಂದ್ರ ಉಂಟು.

ನಮ್ಮ ಅಂಗಳದ ಮೂಲೆಯಲ್ಲಿ ಈಗ ಅಂಥ ಒಂದು ರಾಶಿ ಪ್ಲಾಸ್ಟಿಕ್ ಹೊದ್ದು ಮಲಗಿದೆ. ಬೆಳಿಗ್ಗೆ ಒಳಗಡೆ ನೀರಿನ ಹನಿ ಕಟ್ಟಿರುತ್ತದೆ. ಮಧ್ಯಾಹ್ನ ಕೈ ಇಟ್ಟರೆ ಚುರುಕ್ ಎನ್ನುತ್ತದೆ. ಪ್ಲಾಸ್ಟಿಕ್ ತೂತಾದರೆ ಬಿಸಿ ಹೋಗುತ್ತದೆ ಎಂದು ಕೋಳಿಗಳನ್ನು ಓಡಿಸುವ ಕೆಲಸ ಅಜ್ಜನೇ ವಹಿಸಿಕೊಂಡಿದ್ದಾರೆ. ಮಾರ್ಚ್ ಕೊನೆಗೆ ತೆಗೆದು ತೊಟ್ಟೆಗೆ ತುಂಬಿಸುವುದು, ಪಕ್ಕದ ಒಳ್ಳೆಯ ಸಾಲಿನ ಹಂಬು ನೆಡುವುದು. ಹಳದಿ ಸಾಲನ್ನು ಕೀಳುವುದೋ ಇನ್ನೊಂದು ಮಳೆಗಾಲ ನೋಡುವುದೋ ಎಂದು ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ.

ರಾಶಿಯ ಮಣ್ಣು ತೆಗೆದ ದಿನ ಅದರಿಂದ ಎರಡು ಚಮಚ ತಂದು ಶಾಲೆಯ ಆಲಿಕೆಗೆ ಹಾಕುತ್ತೇನೆ. ಅದೇ ದಿನ ನಿಮ್ಮ ತೋಟದ್ದನ್ನೂ ನೋಡಬಹುದು. ತರುವವರು ಮೆಣಸಿನ ಬಳ್ಳಿಯ ಬುಡದಿಂದ ಒಂದು ಗೇಣು ದೂರದಲ್ಲಿ, ಬೇರು ಇರುವಷ್ಟು ಆಳದ ಮಣ್ಣನ್ನು ಸಪುರ ಬೇರಿನ ಸಮೇತ ತನ್ನಿ. ಬಿಸಿಲಿಗೆ ಇಡಬೇಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿ. ಪೊಟ್ಟಣದ ಮೇಲೆ ಯಾವ ಜಾಗದ್ದು, ಕೊನೆಯ ನೀರು ಬಿಟ್ಟದ್ದು ಯಾವಾಗ ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿ ಒದ್ದೆಗೆ ಹರಡುತ್ತದೆ.